ಮಕ್ಕಳ ಸ್ವೆಟರ್ ಮತ್ತು ಟೋಪಿ: ಕತ್ತಿನಿಂದ ಕೆಳಕ್ಕೆ ಹೆಣೆಯುವ ಕ್ರಮ

ದೊಡ್ಡವರ ಸ್ವೆಟರಿನ ಅಳತೆಗಳನ್ನೆಲ್ಲ ಒಂದೇ ಪ್ರಮಾಣದಲ್ಲಿ ಇಳಿಸಿಕೊಂಡು ಮಗುವಿಗೆ ಹೆಣೆದರೆ ಅದು ಬಹುತೇಕ ತಲೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಹುಟ್ಟಿದ ಮಗುವಿನ ತಲೆ ಅದರ ಒಟ್ಟು ಉದ್ದದ ಸುಮಾರು ನಾಲ್ಕನೇ ಒಂದು ಭಾಗದಷ್ಟಿರುತ್ತದೆ. ಎರಡು ವರ್ಷದ ಹೊತ್ತಿಗೂ ತಲೆಯ ಸುತ್ತಳತೆ ಸುಮಾರು 48 ಸೆಂ.ಮೀ. ಆಗಿದ್ದರೆ, ಹೆಣಿಗೆಯ ಅಳತೆಪಟ್ಟಿಗಳಲ್ಲಿ ಆ ವಯಸ್ಸಿಗೆ ಕೊಡುವ ಎದೆಯ ಸುತ್ತಳತೆ 53 ಸೆಂ.ಮೀ. ಮಾತ್ರ. ಇದು ಮೊದಲ ತೊಡಕು. ಎರಡನೆಯದು ಬೆಳವಣಿಗೆಗೆ ಸಂಬಂಧಿಸಿದ್ದು: ಎರಡರಿಂದ ಐದು ವರ್ಷದ ನಡುವೆ ಮಗು ವರ್ಷಕ್ಕೆ ಆರರಿಂದ ಎಂಟು ಸೆಂ.ಮೀ. ಎತ್ತರವಾಗುತ್ತದೆ, ಆದರೆ ಎದೆಯ ಸುತ್ತಳತೆ ಎರಡು ಮೂರು ಸೆಂ.ಮೀ. ಮಾತ್ರ ಹೆಚ್ಚುತ್ತದೆ. ಹೀಗಾಗಿ ಸ್ವೆಟರ್ ಮೊದಲು ಚಿಕ್ಕದಾಗುವುದು ತೋಳಿನಲ್ಲಿ ಮತ್ತು ಉದ್ದದಲ್ಲಿ. ಅಗಲದಲ್ಲಿ ಅದು ಇನ್ನೂ ಒಂದು ವರ್ಷ ಆರಾಮಾಗಿ ಆಗುತ್ತಿರುತ್ತದೆ.

ಈ ಎರಡೂ ಕಾರಣಗಳಿಂದ ಮಕ್ಕಳ ಸ್ವೆಟರನ್ನು ಕತ್ತಿನಿಂದ ಆರಂಭಿಸಿ ಕೆಳಕ್ಕೆ, ಹೊಲಿಗೆಯೇ ಇಲ್ಲದಂತೆ ಸುತ್ತಿನಲ್ಲಿ ಹೆಣೆಯುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಕತ್ತಿನ ಭಾಗ ಮೊದಲೇ ಸಿದ್ಧವಾಗುವುದರಿಂದ ಅದು ತಲೆಗೆ ಹಿಡಿಸುತ್ತದೆಯೇ ಎಂದು ಕೆಲಸದ ನಡುವೆಯೇ ತೊಡಿಸಿ ನೋಡಬಹುದು. ಉದ್ದದ ಕೊನೆ ಮತ್ತು ತೋಳಿನ ಕೊನೆ ಎರಡೂ ಹೆಣಿಗೆ ಮುಗಿಯುವ ಜಾಗಗಳಾಗಿರುವುದರಿಂದ ಮುಂದಿನ ವರ್ಷ ಅಲ್ಲಿ ಬಿಚ್ಚಿ ಮತ್ತೆ ಮುಂದುವರಿಸಬಹುದು. ಕುಣಿಕೆ ಹಾಕುವುದು, ನಿಟ್ ಮತ್ತು ಪರ್ಲ್ ಹೆಣೆಯುವುದು ಗೊತ್ತಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು, ಎರಡು ವರ್ಷದ ಮಗುವಿನ ಒಂದು ಸ್ವೆಟರ್ ಮತ್ತು ಅದೇ ನೂಲಿನ ಟೋಪಿಯನ್ನು ಪೂರ್ತಿ ಲೆಕ್ಕದೊಂದಿಗೆ ಇಲ್ಲಿ ವಿವರಿಸಲಾಗಿದೆ.

ಅಳತೆ

ಎರಡು ವರ್ಷದ ಮಗು ಕೈ ಚಾಚಿಕೊಂಡು ಟೇಪಿಗಾಗಿ ಕಾದು ನಿಲ್ಲುವುದಿಲ್ಲ. ಆದ್ದರಿಂದ ಮಗುವಿಗೆ ಸದ್ಯ ಸರಿಯಾಗಿ ಆಗುತ್ತಿರುವ ಅಂಗಿಯೊಂದನ್ನು ಸಮತಟ್ಟಾದ ಜಾಗದಲ್ಲಿ ಹರವಿ, ಕಂಕುಳಿನಿಂದ ಕಂಕುಳಿಗೆ ಇರುವ ಅಗಲ, ಕಂಕುಳಿನಿಂದ ಕೆಳ ಅಂಚಿನವರೆಗಿನ ಉದ್ದ ಮತ್ತು ಕಂಕುಳಿನಿಂದ ಮಣಿಕಟ್ಟಿನವರೆಗಿನ ತೋಳಿನ ಉದ್ದವನ್ನು ಅಳೆದುಕೊಳ್ಳುವುದೇ ವಾಸಿ. ತಲೆಯ ಅಳತೆಯನ್ನು ಮಾತ್ರ ಮಗುವಿನಿಂದಲೇ, ಬೇಕಾದರೆ ಅದು ನಿದ್ರಿಸುವಾಗ, ಹುಬ್ಬಿನ ಮೇಲಿನಿಂದ ಕಿವಿಗಳ ಮೇಲೆ ಹಾಯಿಸಿ ಹಿಂತಲೆಯ ಅತ್ಯಂತ ಉಬ್ಬಿದ ಭಾಗವನ್ನು ಬಳಸಿ ತೆಗೆದುಕೊಳ್ಳಬೇಕು. ಮಗು ಹತ್ತಿರವಿಲ್ಲದಿದ್ದರೆ ಸಾಮಾನ್ಯ ಅಳತೆಗಳನ್ನು ಆಧಾರವಾಗಿ ಇಟ್ಟುಕೊಳ್ಳಬಹುದು: ಆರು ತಿಂಗಳಿಗೆ ಎದೆ 43, ತಲೆ ಸುಮಾರು 43 ಸೆಂ.ಮೀ.; ಒಂದು ವರ್ಷಕ್ಕೆ ಎದೆಯೂ ತಲೆಯೂ 46ರ ಆಸುಪಾಸು; ನಾಲ್ಕು ವರ್ಷಕ್ಕೆ ಎದೆ 58, ತಲೆ 50; ಆರು ವರ್ಷಕ್ಕೆ ಎದೆ 63, ತಲೆ 51.

ಎದೆಯ ಅಳತೆಗೆ ಐದರಿಂದ ಎಂಟು ಸೆಂ.ಮೀ. ಸಡಿಲ ಸೇರಿಸಿದರೆ ಒಳಗೊಂದು ಅಂಗಿಯೊಂದಿಗೆ ಸ್ವೆಟರ್ ಸಲೀಸಾಗಿ ಕೂರುತ್ತದೆ. ಬೆಳೆಯುವ ಮಗು ತಾನೇ ಎಂದು ಎರಡು ಅಳತೆ ದೊಡ್ಡದಾಗಿ ಹೆಣೆಯುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಭುಜ ಕೆಳಗೆ ಜಾರಿ, ತೋಳು ಅಂಗೈಯನ್ನು ಮುಚ್ಚಿ, ಮಗು ಅದನ್ನು ಹಾಕಿಕೊಳ್ಳಲು ಹಟ ಮಾಡುತ್ತದೆ. ಕೊನೆಗೆ ಅಳತೆಗೆ ಬರುವ ಹೊತ್ತಿಗೆ ಮೊಣಕೈ ಸವೆದಿರುತ್ತದೆ. ಹೆಚ್ಚುವರಿ ಬೇಕಿದ್ದರೆ ಉದ್ದದಲ್ಲಿ ಇಡಬೇಕು, ಅಗಲದಲ್ಲಿ ಅಲ್ಲ.

ನೂಲು ಮತ್ತು ಕಡ್ಡಿ

ಮಕ್ಕಳ ಬಟ್ಟೆ ಪದೇ ಪದೇ ಒಗೆಯಬೇಕಾದದ್ದು. ಸಾಮಾನ್ಯ ಉಣ್ಣೆಯನ್ನು ಬಿಸಿನೀರಿನಲ್ಲಿ ಉಜ್ಜಿ ತೊಳೆದರೆ ಎಳೆಗಳ ಮೇಲಿನ ಸೂಕ್ಷ್ಮ ಹೊರಪದರಗಳು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗಿ ಗಟ್ಟಿಯಾಗುತ್ತದೆ. ಒಮ್ಮೆ ಹಾಗಾದರೆ ಮತ್ತೆ ಸರಿಪಡಿಸುವಂತಿಲ್ಲ. ‘ಸೂಪರ್‌ವಾಶ್’ ಎಂದು ಚೀಟಿಯಲ್ಲಿ ನಮೂದಿಸಿರುವ ಉಣ್ಣೆಯನ್ನು ಈ ಕಾರಣಕ್ಕಾಗಿಯೇ ಸಂಸ್ಕರಿಸಿರುತ್ತಾರೆ. ಅದರಲ್ಲೂ ಮೆರಿನೊ ಬಗೆ ಚರ್ಮಕ್ಕೆ ಚುಚ್ಚುವುದಿಲ್ಲ. ಅಕ್ರಿಲಿಕ್ ಅಗ್ಗ, ಒಗೆಯಲು ಸುಲಭ, ಆದರೆ ಬೆವರನ್ನು ಹೀರುವುದಿಲ್ಲ. ಹತ್ತಿಯ ನೂಲು ಮೃದುವಾಗಿದ್ದರೂ ಹಿಗ್ಗಿದ್ದು ಹಿಂದಕ್ಕೆ ಬರುವುದಿಲ್ಲವಾದ್ದರಿಂದ ರಿಬ್ (ನಿಟ್ ಮತ್ತು ಪರ್ಲ್ ಕುಣಿಕೆಗಳನ್ನು ಅಕ್ಕಪಕ್ಕ ಬದಲಿಸುತ್ತಾ ಹೆಣೆದ, ಹಿಗ್ಗುವ ಅಂಚು) ಬೇಗ ಜಾಳಾಗುತ್ತದೆ. ಉದ್ದ ರೋಮದ ಮೊಹೇರ್ ಮತ್ತು ಅಂಗೋರಾ ನೂಲುಗಳನ್ನು ಹಸುಗೂಸುಗಳಿಗೆ ಬಳಸಬಾರದು. ಉದುರುವ ರೋಮ ಮೂಗು ಬಾಯಿಗೆ ಹೋಗುತ್ತದೆ. ನೂಲಿನ ಮೃದುತ್ವವನ್ನು ಬೆರಳಿನಿಂದ ಪರೀಕ್ಷಿಸುವ ಬದಲು ಉಂಡೆಯನ್ನು ಕತ್ತಿಗೆ ಒಂದು ನಿಮಿಷ ಒತ್ತಿ ಹಿಡಿದರೆ ನಿಜ ತಿಳಿಯುತ್ತದೆ.

ಇಲ್ಲಿನ ಲೆಕ್ಕ ಡಿ.ಕೆ. (ಡಬಲ್ ನಿಟಿಂಗ್) ಎಂಬ, ಮಧ್ಯಮಕ್ಕಿಂತ ಕೊಂಚ ತೆಳುವಾದ ದಪ್ಪದ ನೂಲಿಗೆ ಅನ್ವಯಿಸುತ್ತದೆ. ಸ್ವೆಟರಿಗೆ 200ರಿಂದ 250 ಗ್ರಾಂ, ಟೋಪಿಗೆ ಸುಮಾರು 50 ಗ್ರಾಂ ಬೇಕಾಗುತ್ತದೆ. ಎಲ್ಲ ಉಂಡೆಗಳ ಚೀಟಿಯಲ್ಲೂ ಬಣ್ಣದ ಹೆಸರಿನ ಜೊತೆಗೆ ಬಣ್ಣದ ಕಡಾಯಿಯ ಸಂಖ್ಯೆ, ಅಂದರೆ ಡೈ ಲಾಟ್, ಒಂದೇ ಆಗಿರಬೇಕು. ಬೇರೆ ಬೇರೆ ಲಾಟಿನ ಉಂಡೆಗಳ ವ್ಯತ್ಯಾಸ ಕೈಯಲ್ಲಿ ಹಿಡಿದಾಗ ಕಾಣದಿದ್ದರೂ ಹೆಣೆದ ಮೇಲೆ ಪಟ್ಟೆಯಾಗಿ ಎದ್ದು ಕಾಣುತ್ತದೆ. ಮುಂದಿನ ವರ್ಷ ಉದ್ದ ಮಾಡುವುದಕ್ಕಾಗಿ ಒಂದು ಉಂಡೆಯನ್ನು ಚೀಟಿಯ ಸಮೇತ ತೆಗೆದಿಡಬೇಕು.

ಕಡ್ಡಿಗಳು 4 ಮಿ.ಮೀ. ಮತ್ತು ರಿಬ್‌ಗಾಗಿ 3.25 ಮಿ.ಮೀ. ಹಳೆಯ ಬ್ರಿಟಿಷ್ ಕ್ರಮದಲ್ಲಿ ಇವು 8 ಮತ್ತು 10ನೇ ನಂಬರ್. ಆ ಕ್ರಮದಲ್ಲಿ ನಂಬರ್ ಹೆಚ್ಚಿದಷ್ಟೂ ಕಡ್ಡಿ ಸಣ್ಣ ಎಂಬುದು ನೆನಪಿರಲಿ. ಮಕ್ಕಳ ಬಟ್ಟೆಯ ಸುತ್ತಳತೆ ಚಿಕ್ಕದಾದ್ದರಿಂದ 40 ಸೆಂ.ಮೀ. ಉದ್ದದ ವೃತ್ತಾಕಾರದ ಕಡ್ಡಿಯೂ (ಎರಡು ಕಡ್ಡಿಗಳನ್ನು ಬಾಗುವ ತಂತಿಯಿಂದ ಜೋಡಿಸಿದ್ದು) ಕತ್ತಿನ ಭಾಗಕ್ಕೆ ಉದ್ದವಾಗುತ್ತದೆ. 80 ಸೆಂ.ಮೀ. ತಂತಿಯ ಕಡ್ಡಿಯೊಂದನ್ನು ಇಟ್ಟುಕೊಂಡು, ಉಳಿಯುವ ತಂತಿಯನ್ನು ಕುಣಿಕೆಗಳ ನಡುವಿನಿಂದ ಹೊರಗೆಳೆದು ‘ಮ್ಯಾಜಿಕ್ ಲೂಪ್’ ರೀತಿಯಲ್ಲಿ ಹೆಣೆದರೆ ಕತ್ತು, ಮೈ, ತೋಳು, ಟೋಪಿ ಎಲ್ಲಕ್ಕೂ ಅದೇ ಸಾಕು. ಐದು ಬಿಡಿ ಕಡ್ಡಿಗಳ ಅಭ್ಯಾಸವಿರುವವರು ಅದನ್ನೇ ಮುಂದುವರಿಸಬಹುದು.

ಬಿಗಿಯ ಪರೀಕ್ಷೆ

ಒಂದೇ ನೂಲು, ಒಂದೇ ಕಡ್ಡಿಯಿಂದ ಇಬ್ಬರು ಹೆಣೆದರೆ ಒಬ್ಬರದು ಬಿಗಿ, ಇನ್ನೊಬ್ಬರದು ಜಾಳು. ನಮ್ಮ ಲೆಕ್ಕ 10 ಸೆಂ.ಮೀ. ಅಗಲಕ್ಕೆ 22 ಕುಣಿಕೆ, 10 ಸೆಂ.ಮೀ. ಎತ್ತರಕ್ಕೆ 30 ಸಾಲು ಎಂಬುದರ ಮೇಲೆ ನಿಂತಿದೆ. ಮೈಭಾಗಕ್ಕೆ ಬರುವ 132 ಕುಣಿಕೆಗಳು ಈ ಬಿಗಿಯಲ್ಲಿ 60 ಸೆಂ.ಮೀ. ಆಗುತ್ತವೆ; ಕೈ ಸ್ವಲ್ಪ ಬಿಗಿಯಾಗಿ 24 ಕುಣಿಕೆ ಬಂದರೆ ಅದೇ 132 ಕೇವಲ 55 ಸೆಂ.ಮೀ. ಆಗಿ, ನಾವು ಇಟ್ಟ ಸಡಿಲವೆಲ್ಲ ಹೋಗಿಬಿಡುತ್ತದೆ. ಜಾಳಾಗಿ 20 ಬಂದರೆ 66 ಸೆಂ.ಮೀ. ಆಗಿ ಸ್ವೆಟರ್ ನಾಲ್ಕು ವರ್ಷದ ಮಗುವಿನದಾಗುತ್ತದೆ. ಆದ್ದರಿಂದ 15 ಸೆಂ.ಮೀ. ಚೌಕದ ಮಾದರಿ ತುಂಡೊಂದನ್ನು ಹೆಣೆದು, ಸ್ವೆಟರನ್ನು ಹೇಗೆ ಒಗೆಯುವಿರೋ ಹಾಗೆಯೇ ಅದನ್ನೂ ಒಗೆದು, ಒಣಗಿದ ಮೇಲೆ ಅಂಚುಗಳನ್ನು ಬಿಟ್ಟು ನಡುಭಾಗದಲ್ಲಿ ಎಣಿಸಬೇಕು. ಸೂಪರ್‌ವಾಶ್ ಉಣ್ಣೆ ಒಗೆದ ಮೇಲೆ ಹಿಗ್ಗುವುದರಿಂದ ಒಗೆಯದ ತುಂಡಿನ ಎಣಿಕೆಯನ್ನು ನಂಬುವಂತಿಲ್ಲ. ಕುಣಿಕೆ ಹೆಚ್ಚು ಬಂದರೆ ದಪ್ಪ ಕಡ್ಡಿ, ಕಡಿಮೆ ಬಂದರೆ ಸಣ್ಣ ಕಡ್ಡಿ ಹಿಡಿಯಬೇಕು; ಕೈಯನ್ನು ಬಲವಂತವಾಗಿ ಬಿಗಿ ಅಥವಾ ಸಡಿಲ ಮಾಡಲು ಹೋದರೆ ನಾಲ್ಕು ಸಾಲಿನೊಳಗೆ ಅದು ತನ್ನ ಹಳೆಯ ಬಿಗಿಗೇ ಮರಳುತ್ತದೆ.

ಕತ್ತು ಮತ್ತು ಭುಜ

ಸಣ್ಣ ಕಡ್ಡಿಯಿಂದ 76 ಕುಣಿಕೆ ಹಾಕಿಕೊಳ್ಳಬೇಕು. ಇಡೀ ಸ್ವೆಟರಿನಲ್ಲಿ ಅತ್ಯಂತ ಗಮನ ಬೇಡುವುದು ಈ ಮೊದಲ ಅಂಚು, ಏಕೆಂದರೆ ಸುಮಾರು 34 ಸೆಂ.ಮೀ. ಇರುವ ಇದು ಪ್ರತಿ ಸಲ ತೊಡಿಸುವಾಗಲೂ 48 ಸೆಂ.ಮೀ. ತಲೆಯ ಮೇಲೆ ಹಾದುಹೋಗಬೇಕು. ಅಂಚು ಹಿಗ್ಗಬೇಕೆಂದು ಹಲವರು ದಪ್ಪ ಕಡ್ಡಿಯ ಮೇಲೆ ಕುಣಿಕೆ ಹಾಕುತ್ತಾರೆ. ಅದರಿಂದ ಕುಣಿಕೆಗಳು ದೊಡ್ಡದಾಗುತ್ತವೆಯೇ ಹೊರತು ಅವುಗಳ ನಡುವಿನ ಎಳೆ ಉದ್ದವಾಗುವುದಿಲ್ಲ. ಹಿಗ್ಗುವ ಶಕ್ತಿ ಇರುವುದು ಆ ನಡುವಿನ ಎಳೆಯಲ್ಲಿ. ಪ್ರತಿ ಹೊಸ ಕುಣಿಕೆಯನ್ನು ಹಿಂದಿನದಕ್ಕೆ ಒತ್ತಿ ಕೂರಿಸದೆ, ನಡುವೆ ಮೂರು ನಾಲ್ಕು ಮಿ.ಮೀ. ಜಾಗ ಬಿಟ್ಟು ಬೆರಳಿನಿಂದ ತಡೆಹಿಡಿದು ಬಿಗಿದರೆ ಅಂಚು ಬೇಕಾದಷ್ಟು ಹಿಗ್ಗುತ್ತದೆ. ಹಾಕಿ ಮುಗಿದ ಮೇಲೆ ಅಂಚನ್ನು ಟೇಪಿನ ಪಕ್ಕದಲ್ಲಿ ಎಳೆದು 50 ಸೆಂ.ಮೀ. ಬರುತ್ತದೆಯೇ ನೋಡಿಕೊಳ್ಳಬೇಕು, ಬರದಿದ್ದರೆ ಅದನ್ನು ಅಲ್ಲಿಯೇ ಬಿಚ್ಚಿ ಮತ್ತೆ ಹಾಕುವುದು ಲೇಸು.

ಕುಣಿಕೆಗಳು ತಿರುಚಿಕೊಳ್ಳದಂತೆ ನೋಡಿಕೊಂಡು ಸುತ್ತನ್ನು ಕೂಡಿಸಿ, ಒಂದು ನಿಟ್, ಒಂದು ಪರ್ಲ್ ರಿಬ್‌ನಲ್ಲಿ ಆರು ಸುತ್ತು ಹೆಣೆಯಬೇಕು. ಬಳಿಕ 4 ಮಿ.ಮೀ. ಕಡ್ಡಿಗೆ ಬದಲಿಸಿ, ಮೊದಲ ಸುತ್ತಿನಲ್ಲಿ ಮಾರ್ಕರ್‌ಗಳನ್ನು, ಅಂದರೆ ಕಡ್ಡಿಗೆ ಹಾಕುವ ಗುರುತಿನ ಉಂಗುರಗಳನ್ನು, ಪ್ರತಿ ಭಾಗದ ಕೊನೆಗೆ ಇಡುತ್ತಾ ಹೋಗಬೇಕು: ಬೆನ್ನಿಗೆ 28, ತೋಳಿಗೆ 10, ಎದೆಗೆ 28, ಇನ್ನೊಂದು ತೋಳಿಗೆ 10. ಮಾರ್ಕರ್ ಇಲ್ಲದಿದ್ದರೆ ಬೇರೆ ಬಣ್ಣದ ನೂಲಿನ ಚಿಕ್ಕ ಉಂಗುರವೂ ಆದೀತು.

ಇಲ್ಲಿಗೇ ಏರಿಕೆ (ಕುಣಿಕೆ ಹೆಚ್ಚಿಸುವುದು) ಆರಂಭಿಸಿದರೆ ಎದೆ ಮತ್ತು ಬೆನ್ನು ಒಂದೇ ಎತ್ತರದಲ್ಲಿದ್ದು ಮುಂದಿನ ಅಂಚು ಗಂಟಲಿಗೆ ಒತ್ತುತ್ತದೆ. ಅದನ್ನು ತಪ್ಪಿಸಲು ಬೆನ್ನಿನ ಭಾಗದಲ್ಲಿ ಮಾತ್ರ ಆರು ಅರ್ಧಸಾಲು ಸೇರಿಸಬೇಕು. ಬೆನ್ನಿನ 28 ಕುಣಿಕೆ ದಾಟಿ ತೋಳಿನ ಮೂರು ಕುಣಿಕೆ ಹೆಣೆದು ತಿರುಗಿ, ಪರ್ಲ್‌ನಲ್ಲಿ ಹಿಂದಕ್ಕೆ ಬಂದು ಆಚೆ ತೋಳಿನ ಮೂರು ಕುಣಿಕೆಯವರೆಗೆ ಹೋಗಿ ಮತ್ತೆ ತಿರುಗಬೇಕು. ಉಳಿದ ಎರಡು ಜೊತೆ ಸಾಲುಗಳಲ್ಲಿ ಪ್ರತಿ ಸಲ ಹಿಂದಿನ ತಿರುವಿಗಿಂತ ಮೂರು ಕುಣಿಕೆ ಈಚೆಗೇ ತಿರುಗಬೇಕು. ತಿರುಗಿದ ಕೂಡಲೇ ಮೊದಲ ಕುಣಿಕೆಯನ್ನು ಹೆಣೆಯದೆ ಬಲಗಡ್ಡಿಗೆ ದಾಟಿಸಿ, ನೂಲನ್ನು ಕಡ್ಡಿಯ ಮೇಲಿನಿಂದ ಹಿಂದಕ್ಕೆ ಗಟ್ಟಿಯಾಗಿ ಎಳೆದರೆ ಆ ಕುಣಿಕೆ ಎರಡು ಕಾಲಿನಂತೆ ನಿಲ್ಲುತ್ತದೆ. ಮುಂದೆ ಪೂರ್ತಿ ಸುತ್ತು ಬರುವಾಗ ಆ ಎರಡು ಕಾಲುಗಳನ್ನು ಒಂದೇ ಕುಣಿಕೆಯಾಗಿ ಹೆಣೆದರೆ ತಿರುವಿನಲ್ಲಿ ತೂತು ಉಳಿಯುವುದಿಲ್ಲ. ಇದರಿಂದ ಬೆನ್ನು ಸುಮಾರು 2 ಸೆಂ.ಮೀ. ಮೇಲೇರುತ್ತದೆ. ಹಿಂಭಾಗ ಯಾವುದೆಂದು ಮಗುವಿಗೇ ತಿಳಿಯುವಂತೆ ಅಲ್ಲಿ ಒಳಗಡೆ ಒಂದು ಬಣ್ಣದ ಗುರುತು ಹಾಕಿಡಬಹುದು.

ಈಗ ರಾಗ್ಲನ್ ಏರಿಕೆ, ಅಂದರೆ ಕತ್ತಿನಿಂದ ಕಂಕುಳಿಗೆ ಓರೆಯಾಗಿ ಇಳಿಯುವ ನಾಲ್ಕು ಗೆರೆಗಳಲ್ಲಿ ಕುಣಿಕೆ ಹೆಚ್ಚಿಸುವುದು. ಪ್ರತಿ ಮಾರ್ಕರಿಗೆ ಒಂದು ಕುಣಿಕೆ ಮುಂಚೆ ಒಂದನ್ನು, ಮಾರ್ಕರ್ ದಾಟಿ ಒಂದು ಕುಣಿಕೆ ಹೆಣೆದ ಮೇಲೆ ಇನ್ನೊಂದನ್ನು ಹೆಚ್ಚಿಸಬೇಕು; ಹೀಗೆ ಒಂದು ಸುತ್ತಿಗೆ ಎಂಟು. ಎರಡು ಕುಣಿಕೆಗಳ ನಡುವಿನ ಅಡ್ಡ ಎಳೆಯನ್ನು ಎಡಗಡ್ಡಿಯಿಂದ ಮುಂದಿನಿಂದ ಹಿಂದಕ್ಕೆ ಎತ್ತಿಕೊಂಡು, ಅದರ ಹಿಂಬದಿಯ ಎಳೆಯಲ್ಲಿ ಹೆಣೆದರೆ ಹೊಸ ಕುಣಿಕೆ ತಿರುಚಿಕೊಂಡು ತೂತು ಮುಚ್ಚುತ್ತದೆ. ಮುಂದಿನ ಸುತ್ತು ಏರಿಕೆಯಿಲ್ಲದೆ ನಿಟ್. ಈ ಎರಡು ಸುತ್ತುಗಳನ್ನು 16 ಬಾರಿ ಮಾಡಿದರೆ ಒಟ್ಟು 204 ಕುಣಿಕೆಗಳಾಗುತ್ತವೆ: ಎದೆ 60, ಬೆನ್ನು 60, ತೋಳುಗಳು ತಲಾ 42. ಇನ್ನೂ ನಾಲ್ಕು ಸುತ್ತು ಏರಿಕೆಯಿಲ್ಲದೆ ಹೆಣೆದರೆ ರಿಬ್‌ನಿಂದ ಕೆಳಗಿನ ಆಳ 12 ಸೆಂ.ಮೀ. ತಲುಪುತ್ತದೆ. ಕುಣಿಕೆಗಳನ್ನು ಉದ್ದನೆಯ ನೂಲಿಗೆ ದಾಟಿಸಿ ಈ ಹಂತದಲ್ಲಿ ಮಗುವಿಗೆ ತೊಡಿಸಿ ನೋಡಬೇಕು. ಅಂಚು ಕಂಕುಳನ್ನು ಮುಟ್ಟದಿದ್ದರೆ ಎರಡು ಮೂರು ಸುತ್ತು ಹೆಚ್ಚಿಗೆ ಹೆಣೆಯಬಹುದು.

ಮೈ ಮತ್ತು ತೋಳು

ಬೆನ್ನಿನ 60 ಕುಣಿಕೆ ಹೆಣೆದು, ತೋಳಿನ 42ನ್ನು ಬೇರೆ ನೂಲಿಗೆ ದಾಟಿಸಿ, ಕಂಕುಳಿಗಾಗಿ 6 ಹೊಸ ಕುಣಿಕೆ ಹಾಕಿ, ಎದೆಯ 60 ಹೆಣೆದು, ಇನ್ನೊಂದು ತೋಳನ್ನೂ ಹಾಗೆಯೇ ಬದಿಗಿಟ್ಟು ಮತ್ತೆ 6 ಹಾಕಿದರೆ ಮೈಗೆ 132 ಕುಣಿಕೆಗಳಾಗುತ್ತವೆ. ಇಲ್ಲಿಂದ 16 ಸೆಂ.ಮೀ. ನಿಟ್ ಸುತ್ತುಗಳು, ಬಳಿಕ ಸಣ್ಣ ಕಡ್ಡಿಯಲ್ಲಿ 4 ಸೆಂ.ಮೀ. ಎರಡು ನಿಟ್, ಎರಡು ಪರ್ಲ್ ರಿಬ್. ಟಿ.ವಿ. ನೋಡುತ್ತಲೂ ಮುಗಿಸಬಹುದಾದ ಭಾಗ ಇದೊಂದೇ.

ಅಂಚು ಮುಗಿಸುವಾಗ ಸಾಮಾನ್ಯ ರೀತಿಯಲ್ಲಿ ಒಂದರ ಮೇಲೊಂದು ದಾಟಿಸಿದರೆ ಅದು ಬಿಗಿಯಾಗಿ, ರಿಬ್ ಹಿಗ್ಗಿದರೂ ಅಂಚು ಹಿಗ್ಗುವುದಿಲ್ಲ. ಎರಡು ಕುಣಿಕೆಗಳನ್ನು ಹಿಂಬದಿಯಿಂದ ಒಟ್ಟಿಗೆ ಹೆಣೆದು, ಬಂದ ಒಂದನ್ನು ಎಡಗಡ್ಡಿಗೆ ವಾಪಸು ಹಾಕಿ, ಮತ್ತೆ ಮುಂದಿನದರೊಂದಿಗೆ ಒಟ್ಟಿಗೆ ಹೆಣೆಯುವ ಕ್ರಮದಲ್ಲಿ ಮುಗಿಸಿದರೆ ಈ ತೊಂದರೆ ಇರದು.

ತೋಳಿಗೆ, ಬದಿಗಿಟ್ಟ 42 ಕುಣಿಕೆಗಳನ್ನು ಕಡ್ಡಿಗೆ ತಂದು ಕಂಕುಳಿನ ಅಂಚಿನಿಂದ 6 ಎತ್ತಿಕೊಳ್ಳಬೇಕು. ಕಂಕುಳಿನ ಎರಡೂ ಮೂಲೆಗಳಲ್ಲಿ ಹೆಣಿಗೆ ಕವಲೊಡೆಯುವುದರಿಂದ ಅಲ್ಲಿ ತೂತು ಬೀಳುವುದು ಸಾಮಾನ್ಯ. ಪ್ರತಿ ಮೂಲೆಯಲ್ಲೂ ಒಂದೊಂದು ಕುಣಿಕೆ ಹೆಚ್ಚಿಗೆ ಎತ್ತಿಕೊಂಡು, ಮುಂದಿನ ಸುತ್ತಿನಲ್ಲಿ ಅದನ್ನು ಪಕ್ಕದ ಕುಣಿಕೆಯೊಂದಿಗೆ ಸೇರಿಸಿ ಹೆಣೆದರೆ 48 ಉಳಿಯುತ್ತದೆ, ತೂತು ಮುಚ್ಚುತ್ತದೆ. ಕಂಕುಳಿನ ನಡುವಿನ ಗೆರೆಯ ಆಚೀಚೆ ಒಂದೊಂದರಂತೆ ಪ್ರತಿ ಎಂಟನೇ ಸುತ್ತಿನಲ್ಲಿ ಎರಡು ಕುಣಿಕೆ ಇಳಿಸುತ್ತಾ ಆರು ಬಾರಿ ಮಾಡಿದರೆ 36 ಉಳಿದು, ತೋಳು 16ರಿಂದ 17 ಸೆಂ.ಮೀ. ಆಗಿರುತ್ತದೆ. ಸಣ್ಣ ಕಡ್ಡಿಯಲ್ಲಿ 4 ಸೆಂ.ಮೀ. ರಿಬ್ ಹೆಣೆದು ಮುಗಿಸಬಹುದು. ಇನ್ನೂ 4 ಸೆಂ.ಮೀ. ರಿಬ್ ಹೆಣೆದು ಮಡಿಸಿ ತೊಡಿಸುವುದು ನನಗೆ ಹೆಚ್ಚು ಹಿಡಿಸುತ್ತದೆ. ತೋಳು ಉದ್ದವಾಗಬೇಕಾದಾಗ ಮಡಿಕೆ ಬಿಚ್ಚಿದರಾಯಿತು.

ಮೈ ಉದ್ದ ಮಾಡುವ ಕಾಲ ಬಂದಾಗ ಮುಗಿಸಿದ ಅಂಚಿನ ತುದಿಯನ್ನು ಹುಡುಕಿ ಬಿಚ್ಚಿ, ರಿಬ್ ಪೂರ್ತಿ ಹೊರಬಂದ ಮೇಲೆ 132 ಕುಣಿಕೆಗಳನ್ನು 4 ಮಿ.ಮೀ. ಕಡ್ಡಿಗೆ ತೆಗೆದುಕೊಂಡು ಐದು ಸೆಂ.ಮೀ., ಅಂದರೆ 15 ಸುತ್ತು, ಹೆಣೆದು ಮತ್ತೆ ರಿಬ್ ಹಾಕಬೇಕು. ಒಂದು ವರ್ಷ ಒಗೆದ ಸ್ವೆಟರಿಗೂ ತೆಗೆದಿಟ್ಟ ಉಂಡೆಗೂ ಬಣ್ಣ ಕೊಂಚ ಬೇರೆಯಾಗಿರುವುದು ಸಹಜ. ಅದನ್ನು ಮರೆಮಾಚಲು ಹೋಗದೆ ನಡುವೆ ಎರಡು ಮೂರು ಸುತ್ತು ಬೇರೆಯದೇ ಬಣ್ಣದ ಪಟ್ಟೆ ಹಾಕಿದರೆ ಅದು ಮೊದಲಿನಿಂದಲೂ ಇದ್ದ ವಿನ್ಯಾಸದಂತೆ ಕಾಣುತ್ತದೆ. ಬಿಚ್ಚಿದ ಹಳೆಯ ನೂಲನ್ನು ಮತ್ತೆ ಬಳಸುವುದಾದರೆ ಲಡಿ ಮಾಡಿ, ನೀರಿನಲ್ಲಿ ನೆನೆಸಿ, ನೇತುಹಾಕಿ ಒಣಗಿಸಿ ಸುರುಳಿ ಬಿಡಿಸಿಕೊಳ್ಳಬೇಕು. ಕೆಳಗಿನಿಂದ ಮೇಲಕ್ಕೆ ಹೆಣೆದ ಸ್ವೆಟರನ್ನು ಹೀಗೆ ಆರಂಭದ ಅಂಚಿನಿಂದ ಬಿಚ್ಚಲಾಗುವುದಿಲ್ಲ; ರಿಬ್‌ನ ಮೇಲೆ ಒಂದು ಕುಣಿಕೆ ಕತ್ತರಿಸಿ, ಸುತ್ತಲೂ ಎಳೆ ಹೊರಗೆಳೆದು, ಕುಣಿಕೆಗಳನ್ನು ಎತ್ತಿಕೊಂಡು ಕೆಳಮುಖವಾಗಿ ಹೆಣೆಯಬೇಕಾಗುತ್ತದೆ.

ಟೋಪಿ

ಟೋಪಿ ತಲೆಗಿಂತ ಚಿಕ್ಕದಿದ್ದರೆ ಮಾತ್ರ ತಲೆಯ ಮೇಲೆ ನಿಲ್ಲುತ್ತದೆ. 48 ಸೆಂ.ಮೀ. ತಲೆಗೆ ಸುಮಾರು ಹತ್ತನೇ ಒಂದು ಭಾಗ ಕಡಿಮೆ, ಅಂದರೆ 43–44 ಸೆಂ.ಮೀ., ಹೆಣೆದರೆ ಹಿಗ್ಗಿ ಹಿಡಿದುಕೊಳ್ಳುತ್ತದೆ. ಅದಕ್ಕೆ 96 ಕುಣಿಕೆ. ಕತ್ತಿನಂತೆಯೇ ಜಾಗ ಬಿಟ್ಟು ಹಾಕಿ, 3.25 ಮಿ.ಮೀ. ಕಡ್ಡಿಯಲ್ಲಿ ಎರಡು ನಿಟ್, ಎರಡು ಪರ್ಲ್ ರಿಬ್ 5 ಸೆಂ.ಮೀ., ಬಳಿಕ 4 ಮಿ.ಮೀ. ಕಡ್ಡಿಯಲ್ಲಿ ಒಟ್ಟು ಎತ್ತರ 12 ಸೆಂ.ಮೀ. ಆಗುವವರೆಗೆ ನಿಟ್ ಸುತ್ತುಗಳನ್ನು ಹೆಣೆಯಬೇಕು. ರಿಬ್ ಮಡಿಸಿ ಕಿವಿಗೆ ಎರಡು ಪದರ ಬೇಕೆನ್ನುವವರು ರಿಬ್ಬನ್ನೂ ಒಟ್ಟು ಎತ್ತರವನ್ನೂ 5 ಸೆಂ.ಮೀ. ಹೆಚ್ಚಿಸಿಕೊಳ್ಳಬೇಕು.

ನೆತ್ತಿಯನ್ನು ಎಂಟು ಪಾಲು ಮಾಡಿಕೊಳ್ಳಬೇಕು. ಮೊದಲ ಇಳಿಕೆ ಸುತ್ತಿನಲ್ಲಿ 10 ನಿಟ್, 2 ಒಟ್ಟಿಗೆ ಎಂಬ ಕ್ರಮ ಎಂಟು ಬಾರಿ. ಮುಂದಿನ ಸುತ್ತು ಇಳಿಕೆಯಿಲ್ಲದೆ. ಅದರ ಮುಂದೆ 9 ನಿಟ್, 2 ಒಟ್ಟಿಗೆ. ಹೀಗೆ ಸುತ್ತು ಬಿಟ್ಟು ಸುತ್ತು ಇಳಿಸುತ್ತಾ 48 ತಲುಪಿದ ಮೇಲೆ ಪ್ರತಿ ಸುತ್ತಿನಲ್ಲೂ ಇಳಿಸಿದರೆ ಕೊನೆಗೆ 8 ಉಳಿಯುತ್ತದೆ. ನೂಲು ಕತ್ತರಿಸಿ, ದಪ್ಪ ಸೂಜಿಯಿಂದ ಎಂಟರಲ್ಲೂ ಎರಡು ಬಾರಿ ಹಾಯಿಸಿ ಬಿಗಿದು, ಒಳಗೆ ಗಟ್ಟಿಮಾಡಬೇಕು. ಎತ್ತರ 17–18 ಸೆಂ.ಮೀ. ಬರುತ್ತದೆ. ಮೊದಲಿನಿಂದಲೇ ಪ್ರತಿ ಸುತ್ತಿನಲ್ಲಿ ಇಳಿಸಿದರೆ ನೆತ್ತಿ ಚಪ್ಪಟೆಯಾಗಿ ಟೋಪಿ ಮೇಲಕ್ಕೆ ಜಾರುತ್ತಿರುತ್ತದೆ.

ಟೋಪಿಗೆ ಗದ್ದದಡಿ ಕಟ್ಟುವ ದಾರ ಹಾಕುವ ರೂಢಿಯನ್ನು ಬಿಡಬೇಕು. ಕತ್ತಿನ ಬಳಿಯ ದಾರ ಆಟದ ಸಲಕರಣೆಗೆ, ಬಾಗಿಲಿಗೆ ಸಿಕ್ಕಿ ಉಸಿರುಗಟ್ಟಿಸಿದ ಪ್ರಕರಣಗಳಿಂದಾಗಿ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ 1996ರಲ್ಲೇ ಮಕ್ಕಳ ಹೊರ ಉಡುಪಿನ ದಾರಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಯುರೋಪಿನ ಇಎನ್ 14682 ಮಾನದಂಡ ಏಳು ವರ್ಷದೊಳಗಿನ ಮಕ್ಕಳ ಉಡುಪಿನ ಕತ್ತು ಮತ್ತು ತಲೆಮುಸುಕಿನ ಭಾಗದಲ್ಲಿ ಎಳೆದಾರಗಳಿಗೆ ಅವಕಾಶ ಕೊಡುವುದಿಲ್ಲ. ಕಿವಿ ಮುಚ್ಚಬೇಕಾದರೆ ಉದ್ದನೆಯ ರಿಬ್ ಸಾಕು. ಮೂರು ವರ್ಷದೊಳಗಿನವರಿಗೆ ಗುಂಡಿ, ಮಣಿ, ನೂಲಿನ ಚೆಂಡುಗಳೂ ಬೇಡ. ಕಿತ್ತುಬಂದರೆ ನೇರ ಬಾಯಿಗೆ ಹೋಗುತ್ತವೆ. ಎರಡು ಬಣ್ಣದ ಹೆಣಿಗೆಯಲ್ಲಿ ಒಳಗೆ ಹಾಯುವ ಎಳೆ ಮೂರು ಕುಣಿಕೆಗಿಂತ ಉದ್ದವಿರಬಾರದು, ಇಲ್ಲದಿದ್ದರೆ ತೋಳು ತೂರಿಸುವಾಗ ಪುಟ್ಟ ಬೆರಳು ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಇನ್ನೊಂದು ಮಾತು: ಹಸುಗೂಸುಗಳು ಮೈಯ ಹೆಚ್ಚುವರಿ ಶಾಖವನ್ನು ತಲೆಯ ಮೂಲಕವೂ ಹೊರಹಾಕುವುದರಿಂದ ಮನೆಯೊಳಗೆ ಮಲಗಿಸುವಾಗ ಟೋಪಿ ತೊಡಿಸಬಾರದೆಂದು ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2022ರ ಸುರಕ್ಷಿತ ನಿದ್ರೆಯ ಮಾರ್ಗಸೂಚಿಯಲ್ಲಿ ತಿಳಿಸಿದೆ. ಟೋಪಿ ಹೊರಗೆ ಹೋಗುವಾಗಿನದು.

ಮುಗಿಸುವುದು ಮತ್ತು ಒಗೆಯುವುದು

ನೂಲಿನ ತುದಿಗಳನ್ನು ಹತ್ತು ಸೆಂ.ಮೀ. ಆದರೂ ಬಿಟ್ಟು, ಸೂಜಿಯಿಂದ ಒಳಭಾಗದಲ್ಲಿ ಒಂದು ದಿಕ್ಕಿಗೆ ಸೇರಿಸಿ, ಮತ್ತೆ ವಿರುದ್ಧ ದಿಕ್ಕಿಗೆ ಒಂದಿಷ್ಟು ದೂರ ಸೇರಿಸಬೇಕು. ಗಂಟು ಹಾಕಿದರೆ ಅದು ಚರ್ಮಕ್ಕೆ ಒತ್ತುತ್ತದೆ. ಮೊದಲ ಬಾರಿ ಒಗೆಯುವಾಗ ಉಗುರುಬೆಚ್ಚಗಿನ ನೀರಿನಲ್ಲಿ ಮೃದು ಸಾಬೂನಿನೊಂದಿಗೆ ಕಾಲು ಗಂಟೆ ನೆನೆಸಿ, ಹಿಂಡದೆ ದಪ್ಪ ಟವೆಲ್‌ನಲ್ಲಿ ಸುತ್ತಿ ಒತ್ತಿ ನೀರು ತೆಗೆದು, ನೆರಳಿನಲ್ಲಿ ಹರವಿ ಅಳತೆಗೆ ಸರಿಪಡಿಸಿ ಒಣಗಿಸಬೇಕು. ಒದ್ದೆ ಸ್ವೆಟರನ್ನು ಹಗ್ಗಕ್ಕೆ ನೇತುಹಾಕಿದರೆ ನೀರಿನ ಭಾರಕ್ಕೆ ಉದ್ದವಾಗಿ ಜೋಲುತ್ತದೆ. ಅಕ್ರಿಲಿಕ್ ಆದರೆ ಇಸ್ತ್ರಿಪೆಟ್ಟಿಗೆಯನ್ನು ಹತ್ತಿರಕ್ಕೂ ತರಬಾರದು. ಬಿಸಿ ತಾಗಿದ ಜಾಗದಲ್ಲಿ ರಿಬ್ ಸತ್ತಂತಾಗಿ ಮತ್ತೆಂದೂ ಹಿಗ್ಗಿ ಕುಗ್ಗುವುದಿಲ್ಲ. ಉಣ್ಣೆಯ ಸ್ವೆಟರನ್ನು ಚಳಿ ಮುಗಿದ ಮೇಲೆ ಒಗೆದು, ಪೂರ್ತಿ ಒಣಗಿಸಿ, ಮುಚ್ಚಳ ಭದ್ರವಾಗಿರುವ ಡಬ್ಬಿಯಲ್ಲಿ ಮಡಿಸಿಡಬೇಕು, ಏಕೆಂದರೆ ನುಸಿಹುಳು ಮೊದಲು ಹಿಡಿಯುವುದು ಬೆವರು ಮತ್ತು ಹಾಲಿನ ಕಲೆ ಉಳಿದ ಜಾಗಗಳನ್ನೇ.